ಹರ್ಕ್ಯುಲಿಸ್ ಯಾರ ಮನೆಯ ಜೀತದಾಳು?



ನಾನು ಓದಿದ್ದು ಬಾಟಲಿಯ ಬೆಳಕಿನಲ್ಲಿ. ಇದು ಪದ್ಯದ ಮಾತಲ್ಲ. ಕ್ವಾಟ್ರು ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಹಳೇ ಪಂಚೆ ಹರಿದು ಬತ್ತಿ ಹೊಸೆದು ಇಳಿಬಿಟ್ಟು, ಸೀಮೆಎಣ್ಣೆ ತುಂಬಿದರೆ ಬುಡ್ಡಿ ಆಯಿತು. ಕರೆಂಟು ಹೋದ ರಾತ್ರಿ ಮಧುಗಿರಿ ಕಡೆಯ ಹಟ್ಟಿಗಳಲ್ಲಿ ಉರಿಯುತ್ತಿದ್ದದ್ದು ಅದೇ. ಬುಡ್ಡಿಯ ಮೈಮೇಲಿನ ಲೇಬಲ್ಲು ಅರ್ಧ ಕೆರೆದು ಹೋಗಿರುತ್ತಿತ್ತು, ಉಳಿದರ್ಧ ಇಂಗ್ಲಿಷು. ಸ್ಕೂಲಿನ ಪುಸ್ತಕ ಬಿಟ್ಟರೆ ನಮ್ಮ ಮನೆಯೊಳಗೆ ಬಂದ ಅಚ್ಚಾದ ಅಕ್ಷರ ಅದೊಂದೇ. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದೋದನ್ನ ಕಲಿತದ್ದು ಅದರ ಮೇಲೆ. ಮೇಷ್ಟ್ರು ‘ಎಕ್ಸ್’ ಅಂದರೆ ಎಕ್ಸ್-ರೇ ಅಂತ ಹೇಳಿಕೊಡುವ ಮೊದಲೇ ನನಗೆ ಮೂರು ಎಕ್ಸ್ ಗೊತ್ತಿದ್ದವು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳನ್ನ ಕೂಡಿಸಿ ಸರ್ಕಾರ ಮಧುಗಿರಿ ಶೈಕ್ಷಣಿಕ ಜಿಲ್ಲೆ ಅಂತ ಹೆಸರಿಟ್ಟಿದೆ. ಈ ಶೈಕ್ಷಣಿಕ ಜಿಲ್ಲೆಯಲ್ಲಿ ಯಾವ ಮಹಾಕವಿಯ ಪುಸ್ತಕಕ್ಕಿಂತಲೂ ಹೆಚ್ಚು ಕೈಗಳನ್ನು ಮುಟ್ಟಿರುವ ಮುದ್ರಣ ಯಾವುದು? ಬಾಟಲಿಯ ಚೀಟಿ, ಈಗ ಅದರ ಜೊತೆಗೆ ತೊಂಬತ್ತು ಎಂ.ಎಲ್. ಪೊಟ್ಟಣ. ಹೀಗಿದ್ದೂ ನಮ್ಮ ವಿಮರ್ಶೆ ಅದನ್ನ ಪಠ್ಯ ಅಂತ ಎಣಿಸಿಲ್ಲ. ನವ್ಯರು ಕುಡಿದರು, ಕುಡಿದದ್ದರ ಬಗ್ಗೆ ಬರೆದರು, ಬಾಟಲಿಯನ್ನ ಮಾತ್ರ ಓದಲಿಲ್ಲ. ನಮ್ಮವರು, ಅಂದರೆ ದಲಿತ-ಬಂಡಾಯದವರು, ಹೆಂಡದ ವಿರುದ್ಧ ಘೋಷಣೆ ಕೂಗಿದೆವು. ಕೂಗಿದ್ದು ಸರಿಯೇ. ಆದರೆ ಹೆಂಡ ಮಾರುವವನ ಭಾಷೆ ಏನು, ಅವನು ಯಾರನ್ನ ಓದುಗ ಅಂತ ಅಂದುಕೊಂಡಿದ್ದಾನೆ ಅಂತ ಕೇಳಲಿಲ್ಲ. ಆ ಕೆಲಸ ಈಗ ಮಾಡೋಣ. ಕುಡಿಯಬೇಡಿ ಅಂತ ಉಪದೇಶ ಕೊಡೋಕೆ ಬಂದಿಲ್ಲ. ಉಪದೇಶ ಕೊಟ್ಟವರ ಮನೆ ಫ್ರಿಜ್ಜು ನಾನೂ ಒಂದೆರಡು ನೋಡಿದ್ದೇನೆ.

ಮೊದಲು ಹೆಸರು.

ಮಿಲಿಟರಿಯಿಂದ ರಜಾಕ್ಕೆ ಬಂದವರು ಟ್ರಂಕಿನಲ್ಲಿ ತರುತ್ತಿದ್ದ ರಮ್ಮುಗಳಲ್ಲಿ ಹರ್ಕ್ಯುಲಿಸ್ ಒಂದು. ಬೆಂಗಳೂರಿನ ಖೋಡೆ ಮನೆತನದ ಸರಕು. ‘ಮಿಲಿಟರಿ ಸರಕು’ ಅಂದರೆ ನಮ್ಮ ಕಡೆ ಒಂದು ಮರ್ಯಾದೆ. ಊರಿನ ಅಂಗಡಿಯ ಬಾಟಲಿಗೆ ಇಲ್ಲದ ಗೌರವ ಅದಕ್ಕೆ. ಈ ಹರ್ಕ್ಯುಲಿಸ್ ಅಂದರೆ ಯಾರು? ಬಿ.ಎ. ಓದುವಾಗ ಲೈಬ್ರರಿಯಲ್ಲಿ ಗ್ರೀಕರ ಕಥೆ ತೆಗೆದು ನೋಡಿದೆ. ಭುಜ, ತೋಳು, ಸಿಂಹದ ಚರ್ಮ ಹೊದ್ದವನು, ಸರಿ. ಆದರೆ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅವನ ತಲೆಗೆ ಒಂದು ದಿನ ಹುಚ್ಚು ಏರುತ್ತದೆ. ಏರಿಸಿದವಳು ಒಬ್ಬ ದೇವತೆ. ಹುಚ್ಚಿನಲ್ಲಿ ತನ್ನ ಕೈಯಾರೆ ತನ್ನ ಮಕ್ಕಳನ್ನೇ ಕೊಲ್ಲುತ್ತಾನೆ. ಕೆಲವು ಕಥೆಗಳಲ್ಲಿ ಹೆಂಡತಿಯನ್ನೂ. ಹುಚ್ಚು ಇಳಿದ ಮೇಲೆ ಪಾಪ ಕಳೆಯಲು ದೇವರ ಗುಡಿಗೆ ಹೋಗುತ್ತಾನೆ. ಗುಡಿಯ ಅಪ್ಪಣೆ ಏನು? ಹೋಗು, ಯೂರಿಸ್ಥಿಯಸ್ ಅನ್ನೋ ದೊರೆಯ ಮನೆಯಲ್ಲಿ ಹನ್ನೆರಡು ವರ್ಷ ಅವನು ಹೇಳಿದ ಕೆಲಸ ಮಾಡು.

ಇದಕ್ಕೆ ನಮ್ಮ ಭಾಷೆಯಲ್ಲಿ ಏನಂತಾರೆ? ಜೀತ ಅಂತಾರೆ.

ಆ ದೊರೆ ಕೊಟ್ಟ ಕೆಲಸಗಳಲ್ಲಿ ಒಂದು, ಆಜಿಯಸ್ ಅನ್ನೋ ಇನ್ನೊಬ್ಬ ದೊರೆಯ ದನದ ಕೊಟ್ಟಿಗೆ ಬಳಿಯೋದು. ಮೂವತ್ತು ವರ್ಷದ ಸಗಣಿ ಗಂಜಲ ಹೆಪ್ಪುಗಟ್ಟಿ ನಿಂತಿತ್ತು. ಒಂದೇ ದಿನದಲ್ಲಿ ಬಳಿಯಬೇಕು ಅಂತ ಆಜ್ಞೆ. ಅವಮಾನ ಮಾಡಲೆಂದೇ ಕೊಟ್ಟ ಕೆಲಸ ಅದು. ಹರ್ಕ್ಯುಲಿಸ್ ಎರಡು ಹೊಳೆ ತಿರುಗಿಸಿ ಕೊಟ್ಟಿಗೆಗೆ ಹಾಯಿಸಿದ. ಇನ್ನೊಂದು ಸಲ ಅವನನ್ನು ಓಂಫಲೆ ಅನ್ನೋ ರಾಣಿಗೆ ಗುಲಾಮನಾಗಿ ಮಾರಿದ್ದೂ ಕಥೆಯಲ್ಲಿದೆ.

ಹೆಸರಿಟ್ಟವರ ಕಣ್ಣಿಗೆ ಬಿದ್ದದ್ದು ಆ ತೋಳು. ಒಂದು ಗುಟುಕಿಗೆ ಆ ತೋಳು ನಿನಗೂ ಬರುತ್ತೆ ಅಂತ ಲೇಬಲ್ಲು ಹೇಳುತ್ತದೆ. ಆದರೆ ಒಂದು ಹೆಸರನ್ನ ಕರೆದರೆ ಅದರ ಹಿಂದಿನ ಕಥೆಯೂ ಎದ್ದು ಬರುತ್ತದೆ, ಬೇಡ ಅಂದರೂ. ಹುಚ್ಚು ಏರಿಸಿಕೊಂಡು ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದವನು, ಆ ತಪ್ಪಿಗೆ ಜೀತಕ್ಕೆ ಬಿದ್ದವನು, ಇನ್ನೊಬ್ಬರ ದನದ ಸಗಣಿ ಬಳಿದವನು. ಈ ಹೆಸರಿಗಿಂತ ನಿಜವಾದ ಹೆಸರು ರಮ್ಮಿಗೆ ಇನ್ನೊಂದಿಲ್ಲ ಅಂತ ನನ್ನ ವಾದ. ಕಂಪನಿ ಜಾಹೀರಾತು ಬರೆಯಲು ಹೋಗಿ ನಮ್ಮ ಚರಿತ್ರೆ ಬರೆದಿಟ್ಟಿದೆ. ಜೀತ ರದ್ದತಿಯ ಕಾಯಿದೆ ಬಂದು 1976ಕ್ಕೆ ಲೆಕ್ಕ ಹಾಕಿದರೆ ಐವತ್ತು ವರ್ಷ. ಬಾಟಲಿಯ ಮೇಲಿನ ಜೀತದಾಳಿಗೆ ಇನ್ನೂ ಬಿಡುಗಡೆ ಇಲ್ಲ.

ಈಗ ಆಳು ಬಿಟ್ಟು ಒಡೆಯರ ಕಡೆ ನೋಡೋಣ. ಖೋಡೆಯವರದು ಮೂಲದಲ್ಲಿ ರೇಷ್ಮೆಯ ಮನೆ. 1906ರಿಂದ ವ್ಯಾಪಾರದಲ್ಲಿದ್ದೇವೆ ಅಂತ ಅವರು ಹೇಳಿಕೊಳ್ಳುತ್ತಾರೆ. ಖೋಡೆ ಈಶ್ವರಸಾ ಅಂಡ್ ಸನ್ಸ್ ಅನ್ನೋದು ಅಂಗಡಿಯ ಹೆಸರು. ಆ ‘ಅಂಡ್ ಸನ್ಸ್’ ಗಮನಿಸಿ. ಮನೆ, ಗಂಡುಮಕ್ಕಳು, ಮೊಮ್ಮಕ್ಕಳು, ಟ್ರಸ್ಟು, ಎಲ್ಲ ಒಂದೇ ಗಂಟು. ಆಸ್ತಿ ಹೇಗೆ ತಂದೆಯಿಂದ ಮಗನಿಗೆ ಇಳಿಯುತ್ತದೋ ಹಾಗೇ ಲೈಸೆನ್ಸೂ ಇಳಿಯುತ್ತದೆ. ನಮ್ಮಲ್ಲೂ ‘ಅಂಡ್ ಸನ್ಸ್’ ಇತ್ತು, ಸಾಲ ಮತ್ತು ಜೀತ ಇಳಿಯುತ್ತಿದ್ದವು.

ಮೈಸೂರು ರಾಜ್ಯದಲ್ಲಿ ಪಾನನಿರೋಧ ತೆಗೆದದ್ದು 1967ರಲ್ಲಿ. ಖೋಡೆಯವರ ಪೀಟರ್ ಸ್ಕಾಟ್ ವಿಸ್ಕಿ ಬಂದದ್ದು 1968ರ ಮೇ ತಿಂಗಳಲ್ಲಿ. ಮಧ್ಯೆ ಇರುವ ಅಂತರ ನೋಡಿದರೆ ಕಾನೂನು ಬದಲಾಗುವ ಗಾಳಿ ಯಾವ ಮನೆಯ ಕಿಟಕಿಗೆ ಮೊದಲು ಬೀಸುತ್ತದೆ ಅನ್ನೋದು ತಿಳಿಯುತ್ತದೆ. ಬೆಂಗಳೂರಿನ ಕನಕಪುರ ರಸ್ತೆಯ ಏಳನೇ ಮೈಲಿಯಲ್ಲಿ ಅವರ ಕಾರ್ಖಾನೆ. ರೇಷ್ಮೆಯಲ್ಲಿ ಕೂಡಿಟ್ಟದ್ದು ಭಟ್ಟಿಗೆ ಬಂತು, ಭಟ್ಟಿಯಿಂದ ಇನ್ನೂ ಹತ್ತು ಕಡೆಗೆ ಹೋಯಿತು. ಬಂಡವಾಳ ಬೆಳೆಯುವ ರೀತಿಯೇ ಅದು, ಅದರಲ್ಲಿ ಆಶ್ಚರ್ಯಪಡುವಂಥದ್ದಿಲ್ಲ.

ಆಶ್ಚರ್ಯ ಇರುವುದು ಪೀಟರ್ ಸ್ಕಾಟ್ ಹೆಸರಿನ ಮೇಲೆ ನಡೆದ ಮೊಕದ್ದಮೆಯಲ್ಲಿ. ಸಾಹಿತ್ಯದ ವಿದ್ಯಾರ್ಥಿಗಳು ಇದನ್ನ ಗಮನ ಇಟ್ಟು ಕೇಳಬೇಕು. ‘ಸ್ಕಾಟ್’ ಅಂತ ಹಾಕಿಕೊಂಡರೆ ಜನ ಇದನ್ನ ಸ್ಕಾಟ್ಲೆಂಡಿನದು ಅಂತ ನಂಬಿ ಮೋಸ ಹೋಗುತ್ತಾರೆ ಅಂತ ಅಲ್ಲಿನ ಸ್ಕಾಚ್ ವಿಸ್ಕಿ ಸಂಘದವರು 1986ರಲ್ಲಿ ತಕರಾರು ಹಾಕಿದರು. ಕಂಪನಿಯಲ್ಲಿ ಕೆಲಸಕ್ಕಿದ್ದ ಪೀಟರ್ ವಾರನ್ ಅನ್ನೋ ಬಿಳಿಯ ತನ್ನ ಹೆಸರಿನಿಂದ ಪೀಟರ್ ತೆಗೆದುಕೊಂಡೆ, ನನ್ನಪ್ಪ ಸ್ಕಾಟಿಷ್, ಅದಕ್ಕೇ ಸ್ಕಾಟ್ ಅಂತ ಸಾಕ್ಷಿ ಹೇಳಿದ. ಮದ್ರಾಸ್ ಹೈಕೋರ್ಟಿನಲ್ಲಿ ಖೋಡೆಯವರು ಸೋತರು. 2008ರ ಮೇ 27ರಂದು ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಗೆದ್ದದ್ದಕ್ಕೆ ಎರಡು ಕಾರಣ. ಸಂಘದವರಿಗೆ 1974ರಲ್ಲೇ ವಿಷಯ ಗೊತ್ತಿತ್ತು, ಹನ್ನೆರಡು ವರ್ಷ ಸುಮ್ಮನಿದ್ದು ಆಮೇಲೆ ಬಂದರು ಅನ್ನೋದು ಒಂದು. ಎರಡನೆಯದು ನಮಗೆ ಬೇಕಾದ್ದು. ಕೋರ್ಟು ಹೇಳಿದ ಮಾತಿನ ಸಾರ ಇದು: ಸ್ಕಾಚ್ ಕೊಳ್ಳುವವರು ಓದಿದವರು, ಹಣವಂತರು, ಹಣದ ಬೆಲೆ ಬಲ್ಲವರು, ಯಾವುದು ಎಲ್ಲಿ ಹೇಗೆ ತಯಾರಾಯಿತು ಅಂತ ತಿಳಿದವರು, ಅವರು ಹೆಸರು ನೋಡಿ ಮೋಸ ಹೋಗುವವರಲ್ಲ. ಓದುಬರಹ ಬಾರದ ಬಡ ಹಳ್ಳಿಗರು ಕೊಳ್ಳುವ ಸರಕಿಗಾದರೆ ಬೇರೆಯದೇ ಪರೀಕ್ಷೆ.

ನಮ್ಮ ವಿಮರ್ಶಕರು ‘ಸಹೃದಯ’ ಅಂತ ಒಬ್ಬನನ್ನ ನೂರಾರು ವರ್ಷದಿಂದ ಕೂರಿಸಿಕೊಂಡಿದ್ದಾರಲ್ಲ, ಅವನಿಗೆ ಜಾತಿ ಇಲ್ಲ, ವರ್ಗ ಇಲ್ಲ, ಹೊಟ್ಟೆ ಇಲ್ಲ. ಕೋರ್ಟಿನ ನ್ಯಾಯಾಧೀಶರು ಅದಕ್ಕಿಂತ ವಾಸಿ. ಪಠ್ಯ ಒಂದೇ ಆದರೂ ಓದುಗ ಯಾವ ವರ್ಗದವನು ಅನ್ನೋದರ ಮೇಲೆ ಅರ್ಥ ನಿಲ್ಲುತ್ತದೆ ಅಂತ ಅವರು ಒಪ್ಪಿದ್ದಾರೆ. ಸರಿ, ಒಪ್ಪಿದ ಮೇಲೆ ಮುಂದಿನ ಹೆಜ್ಜೆಯನ್ನೂ ಇಡಬೇಕಲ್ಲ? ಓದಿದವನು ಮೋಸ ಹೋಗುವುದಿಲ್ಲ ಅಂತ ಪೀಟರ್ ಸ್ಕಾಟ್‌ಗೆ ಬಿಡುಗಡೆ ಸಿಕ್ಕಿತು. ಓದು ಬಾರದವನು ಮೋಸ ಹೋಗಬಹುದು ಅಂತ ಯಾರ ಬಾಟಲಿಯನ್ನ ಕಟಕಟೆಗೆ ತಂದರು? ಶಿರಾ ಬಸ್‌ಸ್ಟ್ಯಾಂಡಿನ ಪಕ್ಕ ನಿಂತು ಪೊಟ್ಟಣದ ಮೂಲೆ ಹಲ್ಲಿನಲ್ಲಿ ಕಚ್ಚುವವನಿಗಾಗಿ ಯಾವ ದೇಶದ ಯಾವ ಸಂಘ ತಕರಾರು ಹಾಕಿತು?

ಅವನ ಕೈಯಲ್ಲಿರುವ ಚೀಟಿಯಲ್ಲಿ ಏನೇನಿದೆ ಓದಿ. ‘42.8’ ಅಂತ ಒಂದು ಸಂಖ್ಯೆ. ಪಕ್ಕದಲ್ಲೇ ‘75 ಪ್ರೂಫ್’. ಇದು ಇಂಗ್ಲಿಷರ ಕಾಲದ ಅಳತೆ. ಬಂದೂಕಿನ ಮದ್ದಿನ ಮೇಲೆ ರಮ್ಮು ಸುರಿದು ಬೆಂಕಿ ತಾಗಿಸಿ, ಹತ್ತಿಕೊಂಡರೆ ಸಾಚಾ ಸರಕು ಅಂತ ತೀರ್ಮಾನಿಸುತ್ತಿದ್ದರಂತೆ. ಆ ಸಾಚಾತನಕ್ಕೆ ನೂರು ಅಂತ ಇಟ್ಟು, ಅದಕ್ಕೆ ಇಪ್ಪತ್ತೈದು ಕಮ್ಮಿ ನಮ್ಮದು. ಬಿಳಿಯರ ನೌಕಾಪಡೆ ತನ್ನ ಸಿಪಾಯಿಗಳಿಗೆ ದಿನದ ರಮ್ಮು ಹಂಚೋದನ್ನ 1970ರಲ್ಲೇ ನಿಲ್ಲಿಸಿತು. ಅವರ ಅಳತೆ ನಮ್ಮ ಕೂಲಿಯವನ ಪೊಟ್ಟಣದ ಮೇಲೆ ಇನ್ನೂ ಕಾವಲು ನಿಂತಿದೆ. ಕೆಳಗೆ ಎಚ್ಚರಿಕೆಯ ಮಾತು, 2019ರಿಂದ ಕಡ್ಡಾಯವಾದದ್ದು: ಕುಡಿಯುವುದು ಆರೋಗ್ಯಕ್ಕೆ ಕೆಟ್ಟದ್ದು, ಕುಡಿದು ಗಾಡಿ ಓಡಿಸಬೇಡಿ. ಮೊದಲ ಮಾತು ಎಲ್ಲರಿಗೂ ಹೇಳಿದ್ದು. ಎರಡನೆಯದು ಗಾಡಿ ಇದ್ದವನಿಗೆ. ಕುಡಿದು ಹೆಂಡತಿಯನ್ನ ಹೊಡೆಯಬೇಡ, ಕುಡಿದು ಮಕ್ಕಳ ಫೀಸು ಮುರಿಯಬೇಡ ಅಂತ ಯಾವ ಚೀಟಿಯೂ ಹೇಳುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ರಮ್ಮಿನ ಪರ ನಾನು ನಿಲ್ಲುತ್ತೇನೆ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕರೀ ಅಂಟು, ಅದೇ ಕಾಕಂಬಿ. ಅದಕ್ಕೆ ನೀರು ಬೆರೆಸಿ, ಹುಳಿ ಬರಿಸಿ, ಕಾಯಿಸಿ ಇಳಿಸಿದರೆ ಸ್ಪಿರಿಟ್ಟು. ನಮ್ಮ ದೇಶದ ಅಗ್ಗದ ವಿಸ್ಕಿ, ಬ್ರಾಂದಿ ಎಲ್ಲವೂ ಹೆಚ್ಚಾಗಿ ಇದೇ ಕಾಕಂಬಿಯ ಇಲ್ಲವೇ ನುಚ್ಚಕ್ಕಿಯ ಸ್ಪಿರಿಟ್ಟಿಗೆ ಬಣ್ಣ, ವಾಸನೆ ಕೂಡಿಸಿದ್ದು. ವಿಸ್ಕಿ ಬಾರ್ಲಿಯ ಮಗ ಅಂತ, ಬ್ರಾಂದಿ ದ್ರಾಕ್ಷಿಯ ಮಗ ಅಂತ ಹೇಳಿಕೊಳ್ಳುತ್ತವೆ. ಊರು ಬಿಟ್ಟು ಪಟ್ಟಣ ಸೇರಿ ಹೆಸರು ಬದಲಾಯಿಸಿಕೊಂಡು, ಅವ್ವ ಬಂದರೆ ‘ನಮ್ಮ ಕೆಲಸದವಳು’ ಅನ್ನೋ ನಮ್ಮ ಕೆಲವು ಬಂಧುಗಳ ಹಾಗೆ. ರಮ್ಮು ಮಾತ್ರ ಹೆಚ್ಚಾಗಿ ಕಾಕಂಬಿಗೇ ಹುಟ್ಟಿದ್ದು, ತಾಯಿಯನ್ನ ಮುಚ್ಚಿಡುವುದಿಲ್ಲ. ಅದರ ಅಜ್ಜಿಮನೆ ಕೆರೆಬಿಯನ್ ದ್ವೀಪಗಳು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕಬ್ಬು ಕಡಿದರು, ಕಾಕಂಬಿ ಕೊಟ್ಟರು, ಅದರಿಂದ ಇಳಿಸಿದ ರಮ್ಮನ್ನೇ ಕೊಟ್ಟು ಇನ್ನಷ್ಟು ಗುಲಾಮರನ್ನ ಕೊಂಡರು. ಬೆವರಿಗೇ ಬೆವರನ್ನ ಮಾರುವ ವ್ಯಾಪಾರ.

ಉತ್ತರದ ಓಲ್ಡ್ ಮಾಂಕ್ ಕಥೆಯೂ ಅಷ್ಟೇ. 1855ರಲ್ಲಿ ಕಸೌಲಿಯಲ್ಲಿ ಭಟ್ಟಿ ಹಾಕಿದ ಎಡ್ವರ್ಡ್ ಡೈಯರ್‌ನ ಮಗನೇ 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಹೇಳಿದ ಜನರಲ್. ಅದು 1949ರಲ್ಲಿ ಮೋಹನ್ ಮನೆತನದ ಕೈಗೆ ಬಂತು, 1954ರಲ್ಲಿ ರಮ್ಮು ಬಂತು, ಹೆಸರು ಮಾತ್ರ ಬಿಳಿಯ ಸನ್ಯಾಸಿಯದು.

ಖೋಡೆಯವರ ಹೆಸರಿನ ಇನ್ನೊಂದು ತೀರ್ಪು ಇದೆ, 1994ರ ಅಕ್ಟೋಬರಿನದು, ಐವರು ನ್ಯಾಯಾಧೀಶರ ಪೀಠದ್ದು. ಮದ್ಯ ಹಂಚುವ ಕೆಲಸ ಸರ್ಕಾರದ ಕಂಪನಿಗೆ ಮಾತ್ರ ಅಂತ 1989ರಲ್ಲಿ ಕರ್ನಾಟಕ ನಿಯಮ ಮಾಡಿತ್ತು. ವ್ಯಾಪಾರ ಮಾಡೋದು ನಮ್ಮ ಮೂಲಭೂತ ಹಕ್ಕು ಅಂತ ಕಂಪನಿಗಳು ಹೋದವು. ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಅಂತ ಕೋರ್ಟು ಹೇಳಿತು. ಪಾನನಿರೋಧಕ್ಕೆ ರಾಜ್ಯ ಪ್ರಯತ್ನಿಸಬೇಕು ಅನ್ನುವ ಸಂವಿಧಾನದ 47ನೇ ವಿಧಿಯನ್ನ ಎತ್ತಿ ತೋರಿಸಿತು. ಓದುತ್ತಾ ನನಗೆ ಎದೆ ಉಬ್ಬಿತು. ಇನ್ನೊಂದಿಷ್ಟು ಓದಿದರೆ, ಪ್ರಜೆಗೆ ಹಕ್ಕಿಲ್ಲ, ಆದರೆ ಸರ್ಕಾರ ಬೇಕಾದರೆ ಈ ವ್ಯಾಪಾರವನ್ನ ಪೂರಾ ತನ್ನ ಕೈಗೇ ತೆಗೆದುಕೊಳ್ಳಬಹುದು ಅಂತ ಇದೆ. ಪಾಪದ ವ್ಯಾಪಾರ, ಒಡೆಯ ಮಾಡಿದರೆ ಪಾಪ ಅಲ್ಲ.

ಸರ್ಕಾರ ಕೈಗೆ ತೆಗೆದುಕೊಂಡಿತು. ಮೈಸೂರು ಸೇಲ್ಸ್ ಇಂಟರ್‌ನ್ಯಾಷನಲ್, ಅಂದರೆ ಎಂಎಸ್ಐಎಲ್, ಈಗ ತಾಲ್ಲೂಕು ತಾಲ್ಲೂಕಿನಲ್ಲೂ ಮದ್ಯದ ಮಳಿಗೆ ಇಟ್ಟಿದೆ. ಮೇಷ್ಟ್ರುಗಳಿಗೆ ಈ ಹೆಸರು ಬೇರೆ ಕಡೆಯಿಂದಲೂ ಗೊತ್ತು. ‘ಲೇಖಕ್’ ನೋಟ್‌ಬುಕ್ಕು ಮಾಡುವುದೂ ಇದೇ ಎಂಎಸ್ಐಎಲ್. ನನ್ನ ಮೊದಲ ಪದ್ಯ ಬರೆದದ್ದು ಲೇಖಕ್ ಪುಸ್ತಕದ ಹಿಂದಿನ ಹಾಳೆಯಲ್ಲಿ. ಮಗನಿಗೆ ಲೇಖಕ್, ಅಪ್ಪನಿಗೆ ಕ್ವಾಟ್ರು, ಎರಡಕ್ಕೂ ಒಂದೇ ಕಂಪನಿ.

2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ತರುವ ಗುರಿ ಇಟ್ಟರು. ಅದೇ ಬಜೆಟ್ಟಿನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆ ಇಟ್ಟದ್ದು 42,018 ಕೋಟಿ. ಕುಡಿಯುವವರೆಲ್ಲ ನಮ್ಮವರೇ ಅಲ್ಲ, ಗೊತ್ತು. ಹಾಗೆ ಹೇಳುವವರ ಬಾಯಿಗೆ ಆಹಾರ ಆಗೋದು ನನಗೆ ಬೇಕಿಲ್ಲ. ಆದರೂ ಈ ಎರಡು ಸಂಖ್ಯೆಗಳನ್ನ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಹೈಸ್ಕೂಲು ಮಕ್ಕಳಿಗೆ ಕಳೆಯುವ ಲೆಕ್ಕ ಕೊಡಿ.

ನಮ್ಮ ಸೀಮೆಯಲ್ಲಿ ಬಾಟಲಿಗೂ ಮೊದಲು ಈಚಲ ಮರ ಇತ್ತು. ಹಳ್ಳದ ದಂಡೆ, ಕೆರೆಯ ಹಿಂದು, ಎಲ್ಲಿ ನೋಡಿದರೂ ಈಚಲು. ಅದರ ಹೆಂಡಕ್ಕೆ ಲೇಬಲ್ಲು ಇರಲಿಲ್ಲ. ಯಾವ ಮರದ್ದು, ಯಾರು ಇಳಿಸಿದ್ದು ಅನ್ನೋದು ಕುಡಿಯುವವನಿಗೆ ಗೊತ್ತಿತ್ತು. ಆ ಮರಕ್ಕೂ ಗುತ್ತಿಗೆದಾರನಿದ್ದ, ಕಲಬೆರಕೆ ಇತ್ತು, ಹೆಂಗಸರ ಕಣ್ಣೀರೂ ಇತ್ತು. ಹಳೆಯದನ್ನ ನಾನು ಸ್ವರ್ಗ ಮಾಡುತ್ತಿಲ್ಲ. ಒಳನಾಡಿನಲ್ಲಿ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಕುಡಿಯೋದು ನಿಲ್ಲಲಿಲ್ಲ. ಮುಂದಿನ ವರ್ಷದ ಮೇ ತಿಂಗಳಲ್ಲೇ ಕೋಲಾರ, ಆನೇಕಲ್ ಕಡೆ ಮತ್ತು ಗಡಿಯಾಚೆ ತಮಿಳುನಾಡಿನಲ್ಲಿ ಕಳ್ಳಸಾರಾಯಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಅಂಗಡಿ ಇದ್ದ ಜಾಗಕ್ಕೆ ಕಂಪನಿಗಳ ಅಗ್ಗದ ಸರಕು ಬಂತು. ಈಚಲ ಮರ ಈಗ ಪೊರಕೆಗೆ, ಚಾಪೆಗೆ.

ಬೆಲ್ಲದ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಬೆಲ್ಲ, ಜಾಲಿ ಚಕ್ಕೆ ಕೊಳೆಹಾಕಿ ಭಟ್ಟಿ ಇಳಿಸಿದ ಹೆಂಗಸು ಸಿಕ್ಕಿಬಿದ್ದರೆ ಪೇಪರಿನಲ್ಲಿ ‘ಇಷ್ಟು ಲೀಟರ್ ಬೆಲ್ಲದ ಕೊಳೆ ನಾಶ’ ಅಂತ ಬರುತ್ತದೆ. ಆ ಕೊಳೆ ಅನ್ನೋ ಪದದಲ್ಲೇ ಅವಳ ತೀರ್ಪು ಬರೆದಾಗಿದೆ. ಬೆಂಗಳೂರಿನಲ್ಲಿ ಇನ್ನೊಂದು ಮನೆತನದ ಕಂಪನಿ ಇದೆ, ಅಮೃತ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಶುರು ಮಾಡಿದ್ದು. ಸಾಮಾನ್ಯರಿಗೆ ಅವರು ಮಾರುವ ರಮ್ಮಿನ ಹೆಸರು ಓಲ್ಡ್ ಪೋರ್ಟ್. ಈಚೆಗೆ ಕಾಕಂಬಿ ಬಿಟ್ಟು ಬೆಲ್ಲದಿಂದಲೇ ಇಳಿಸಿದ ರಮ್ಮೊಂದನ್ನ ತಂದರು. ಶ್ರೀಮಂತರ ಬೆಲೆ. ಅದಕ್ಕೆ ಇಟ್ಟ ಹೆಸರು ‘ಬೆಲ್ಲ’. ಕೂಲಿಯವನ ಬಾಟಲಿಗೆ ಗ್ರೀಕು, ಇಂಗ್ಲಿಷು. ಸಾಹೇಬರ ಬಾಟಲಿಗೆ ಬೆಲೆ ಏರಿದ ಮೇಲೆ ಕನ್ನಡ. ಅದೇ ಬೆಲ್ಲ ಹಟ್ಟಿಯಲ್ಲಿ ಕೊಳೆ, ಕಾರ್ಖಾನೆಯಲ್ಲಿ ಪರಂಪರೆ. ಕಳ್ಳಭಟ್ಟಿ ಪ್ರಾಣ ತೆಗೆಯುತ್ತದೆ, ಅದನ್ನ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಪದ ಯಾರ ಕೈಲಿದೆ ಅಂತ ತೋರಿಸುತ್ತಿದ್ದೇನೆ.

ಪಾವಗಡದ ಮೇಷ್ಟ್ರುಗಳಿಗೆ ಇದು ಹೊಸದಲ್ಲ. ಅವರ ಸುತ್ತ ಇರುವುದು ಆಂಧ್ರ. ಅಲ್ಲಿ ನೆಲ್ಲೂರು ಕಡೆಯ ದೂಬಗುಂಟ ಅನ್ನೋ ಹಳ್ಳಿಯಲ್ಲಿ ರಾತ್ರಿ ಶಾಲೆಗೆ ಬಂದ ಹೆಂಗಸರು ಅಕ್ಷರ ಕಲಿಯುವ ಪುಸ್ತಕದಲ್ಲಿ ಸಾರಾಯಿಯ ಪಾಠ ಓದಿದರು. ಓದಿದ ಮೇಲೆ ಎದ್ದು ಹೋಗಿ ಅಂಗಡಿ ಮುಚ್ಚಿಸಿದರು. 1992ರ ಹೊತ್ತಿಗೆ ಅದು ಊರೂರಿಗೆ ಹಬ್ಬಿತು, 1993ರಲ್ಲಿ ಅಲ್ಲಿ ಸಾರಾಯಿ ನಿಂತಿತು, 1995ರಲ್ಲಿ ಪೂರ್ತಿ ನಿಷೇಧವೇ ಬಂತು. 1997ರಲ್ಲಿ ಖಜಾನೆಗೆ ಕಷ್ಟ ಅಂತ ಅದನ್ನ ತೆಗೆದರು, ಅದು ಬೇರೆ ಮಾತು. ಒಂದು ಪಠ್ಯ ಓದಿ ಒಂದು ಅಂಗಡಿ ಮುಚ್ಚಿಸಿದ ವಿಮರ್ಶಕರು ನಮ್ಮ ಯೂನಿವರ್ಸಿಟಿಗಳಲ್ಲಿ ಎಷ್ಟು ಜನ ಇದ್ದಾರೆ?

ಈ ಲೇಖನ ಬರೆಯುವ ಮುಂಚೆ ನಮ್ಮ ದೊಡ್ಡಪ್ಪನಿಗೆ ಹರ್ಕ್ಯುಲಿಸ್ ಕಥೆ ಹೇಳಿದೆ. ದೊಡ್ಡಪ್ಪ ಚಿಕ್ಕಂದಿನಲ್ಲಿ ಒಂದು ಮನೆಯ ದನ ಕಾದವನು, ಕೊಟ್ಟಿಗೆ ಬಳಿದವನು. ಹುಚ್ಚಿನ ಭಾಗಕ್ಕೆ ತಲೆ ತಗ್ಗಿಸಿದ. ಕೊಟ್ಟಿಗೆಯ ಭಾಗಕ್ಕೆ ಬಂದಾಗ ಎದ್ದು ಕೂತ.

“ಮೂವತ್ ವರ್ಸದ್ದು ಒಂದ್ ದಿನಕ್ಕೆ ಬಳುದ್ನಾ? ಕೂಲಿ ಏನ್ ಮಾತಾಡಿದ್ನಂತೆ?”

“ದನದಲ್ಲಿ ಹತ್ತಕ್ಕೊಂದು ಕೊಡ್ತೀನಿ ಅಂದಿದ್ದ ದೊಡ್ಡಪ್ಪ.”

“ಕೊಟ್ನಾ?”

“ಕೊಡಲಿಲ್ಲ. ಇತ್ತ ಈ ದೊರೆ, ನೀನು ಕೂಲಿ ಮಾತಾಡಿಕೊಂಡು ಮಾಡಿದ್ದು, ಇದು ಜೀತದ ಲೆಕ್ಕಕ್ಕೆ ಸೇರಲ್ಲ ಅಂದ.”

ದೊಡ್ಡಪ್ಪ ಬೀಡಿ ಹಚ್ಚಿದ. “ಎಲ್ಲಾ ಕಡೇಲೂ ಒಂದೇ ಲೆಕ್ಕ ಕಣಪ್ಪ,” ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಔನು ಸುಮ್ಕೆ ಬಂದ್ನಾ?” ಅಂತ ಕೇಳಿದ.

“ಇಲ್ಲ. ಜೀತ ತೀರಿದ ಮೇಲೆ ಜನ ಕಟ್ಟಿಕೊಂಡು ಹೋಗಿ ಕೊಟ್ಟಿಗೆ ದೊರೆಯನ್ನ ಕೊಂದ.”

“ಅಂಗನ್ನು,” ಅಂದ ದೊಡ್ಡಪ್ಪ. “ಬಾಟ್ಲಿ ಮೇಲೆ ಅದನ್ನ ಬರ್ದವ್ರಾ?”